ಪರದೆಯ ಮೇಲಿನ ಪಥ್ಯ

ಬೆಳೆಯುವ ಮಕ್ಕಳ ತಿಂಡಿಚಪಲವನ್ನು ಕಂಪ್ಯೂಟರಿನಿಂದ ತಿದ್ದಬಹುದೆಂಬ ಯೋಚನೆಗೆ ಈಗ ಕಾಲು ಶತಮಾನ. ಅಮೆರಿಕದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ಟಾಮ್ ಬರನೌಸ್ಕಿ ಮತ್ತು ಸಂಗಡಿಗರು ‘ಸ್ಕ್ವೈರ್ಸ್ ಕ್ವೆಸ್ಟ್’ ಎಂಬ ಆಟವನ್ನು 26 ಶಾಲೆಗಳ 1,578 ಮಕ್ಕಳಲ್ಲಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ್ಣು ತರಕಾರಿಯ ಬೆಳೆ ನಾಶಮಾಡಲು ಬಂದ ಶತ್ರುಗಳಿಂದ ರಾಜ್ಯವನ್ನು ಉಳಿಸುವುದು ಆಟದ ಕಥೆ. ಅದರ ಜೊತೆಗೆ ಮಗು ನಿಜವಾಗಿಯೂ ಹಣ್ಣು ತರಕಾರಿ ತಿನ್ನುವ ಗುರಿಯನ್ನೂ ಹಾಕಿಕೊಳ್ಳಬೇಕು. ಹತ್ತು ಕಂತು ಆಡಿದವರು ಉಳಿದವರಿಗಿಂತ ದಿನಕ್ಕೆ ಒಂದು ಪಾಲು ಹೆಚ್ಚು ತಿಂದರು. ಆದರೆ ಅವರು ನಾಲ್ಕನೇ ತರಗತಿಯವರು, ಹಿರಿಯರ ಮಾತು ಇನ್ನೂ ಕಿವಿಗೆ ಬೀಳುವ ವಯಸ್ಸಿನವರು. 10ರಿಂದ 12 ವರ್ಷದವರಿಗೆಂದು ಬರನೌಸ್ಕಿ ತಂಡ ಪರೀಕ್ಷಿಸಿದ ಇನ್ನೆರಡು ಆಟಗಳಲ್ಲಿ (ವರದಿ ಬಂದದ್ದು 2011ರಲ್ಲಿ) ಈ ಲಾಭ 0.67 ಪಾಲಿಗೆ ಇಳಿಯಿತು. ದೈಹಿಕ ಚಟುವಟಿಕೆಯಲ್ಲಾಗಲಿ ಮೈಯ ಕೊಬ್ಬಿನಲ್ಲಾಗಲಿ ಬದಲಾವಣೆ ಕಾಣಲಿಲ್ಲ. ಚೆನ್ನೈನ ಮಕ್ಕಳಲ್ಲಿ ‘ಫೂಯಾ’ ಎಂಬ ಮೊಬೈಲ್ ಆಟವನ್ನು ಪರೀಕ್ಷಿಸಿದಾಗ ಆಡಿದವರು ಒಳ್ಳೆಯ ತಿನಿಸನ್ನೇ ಆರಿಸಿಕೊಂಡರು. ಆದರೆ ಅದು ಆಟ ಮುಗಿದ ಕೂಡಲೇ ಮಾಡಿದ ಆಯ್ಕೆ. ಮರುವಾರ ಗೆಳೆಯರ ಜೊತೆ ಬೇಕರಿಗೆ ಹೋದಾಗ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಸ್ಮಾರ್ಟ್‌ಫೋನ್ ಬಂದ ಮೇಲೆ ಕಥೆಯ ಜಾಗವನ್ನು ಲೆಕ್ಕ ಹಿಡಿಯಿತು. 2005ರಲ್ಲಿ ಹುಟ್ಟಿದ ಮೈಫಿಟ್ನೆಸ್‌ಪಾಲ್ ಕ್ಯಾಲೊರಿ ಎಣಿಸುವುದನ್ನು ಜಗತ್ತಿಗೇ ರೂಢಿ ಮಾಡಿಸಿತು. 2012ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹೆಲ್ದಿಫೈಮಿ ನಮ್ಮ ಇಡ್ಲಿ, ದೋಸೆಗಳನ್ನೂ ಆ ಲೆಕ್ಕಕ್ಕೆ ತಂದಿತು. ಇವೆಲ್ಲ ದೊಡ್ಡವರಿಗಾಗಿ ಮಾಡಿದವು; ಹುಡುಗರು ತಾವಾಗಿ ಒಳಹೊಕ್ಕರು. ಬೆಲ್ಜಿಯಂನಲ್ಲಿ ಹೈಸ್ಕೂಲಿನವರಿಗೆಂದೇ ಮಾಡಿದ ‘ಸ್ನ್ಯಾಕ್ ಟ್ರ್ಯಾಕ್ ಸ್ಕೂಲ್’ ಆ್ಯಪು ಒಳ್ಳೆಯ ತಿಂಡಿಗೆ ಬಹುಮಾನದ ಅಂಕ ಕೊಡುತ್ತಿತ್ತು. ಬಳಸಲು ಶುರುಮಾಡಿದವರಲ್ಲಿ ಬಹುಪಾಲು ಮಂದಿ ನಾಲ್ಕೇ ವಾರದಲ್ಲಿ ಕೈಬಿಟ್ಟರು, ತಿಂಡಿಯ ಆಯ್ಕೆಯೂ ಬದಲಾಗಲಿಲ್ಲ. ದಿನವೂ ವರದಿ ಒಪ್ಪಿಸು ಎಂದರೆ ಹದಿನೈದರ ಹುಡುಗ ಒಪ್ಪಿಸುತ್ತಾನೆಯೇ?

ಈ ದಾರಿಯ ಅಪಾಯ ಕಂಡದ್ದು ಕರ್ಬೋ ಪ್ರಕರಣದಲ್ಲಿ. ತೂಕ ಇಳಿಸುವ ವ್ಯಾಪಾರದಲ್ಲೇ ಬೆಳೆದ ವೆಯ್ಟ್ ವಾಚರ್ಸ್ ಸಂಸ್ಥೆ 2019ರ ಆಗಸ್ಟ್‌ನಲ್ಲಿ 8ರಿಂದ 17 ವರ್ಷದವರಿಗೆ ಈ ಆ್ಯಪನ್ನು ಬಿಡುಗಡೆ ಮಾಡಿತು. ಆಹಾರಕ್ಕೆಲ್ಲ ಹಸಿರು, ಹಳದಿ, ಕೆಂಪು ಎಂದು ಸಿಗ್ನಲ್ ದೀಪದ ಬಣ್ಣ. ಬೆಳೆಯುವ ಮಕ್ಕಳಿಗೆ ಊಟದ ಬಗ್ಗೆ ಅಪರಾಧಿಪ್ರಜ್ಞೆ ಹುಟ್ಟಿಸಿದರೆ ತಿನ್ನುವುದೇ ರೋಗವಾಗಬಹುದು ಎಂದು ಪೋಷಕರೂ ವೈದ್ಯರೂ ಪ್ರತಿಭಟಿಸಿದರು. ಕೊನೆಗೆ ಅಮೆರಿಕದ ಕಾನೂನು ಹಿಡಿದದ್ದು ಬೇರೆ ತಪ್ಪಿಗೆ: 13 ವರ್ಷದೊಳಗಿನವರ ಮಾಹಿತಿಯನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ್ದಕ್ಕೆ. 2022ರಲ್ಲಿ 15 ಲಕ್ಷ ಡಾಲರ್ ದಂಡ ಬಿತ್ತು. ಮಾಹಿತಿಯನ್ನೂ ಅದರಿಂದ ಕಟ್ಟಿದ ಅಲ್ಗಾರಿದಮ್ಮನ್ನೂ ಅಳಿಸಬೇಕಾಯಿತು. ನಮ್ಮ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಈ ವಯೋಮಿತಿ 18. ಅದು ಹೆಚ್ಚಾಯಿತೆಂದು ಉದ್ಯಮ ಗೊಣಗುತ್ತದೆ, ನನಗೆ ಹಾಗನಿಸುವುದಿಲ್ಲ.

ಇಷ್ಟರಲ್ಲಿ ಮನಶ್ಶಾಸ್ತ್ರಜ್ಞರು ಪ್ರಶ್ನೆಯನ್ನೇ ತಿರುಗಿಸಿದರು. ಕ್ರಿಸ್ಟೋಫರ್ ಬ್ರಯಾನ್, ಡೇವಿಡ್ ಯೀಗರ್ ಮತ್ತು ಸಂಗಡಿಗರು ಟೆಕ್ಸಾಸ್‌ನ ಎಂಟನೇ ತರಗತಿಯವರಿಗೆ ಪೌಷ್ಟಿಕತೆಯ ಪಾಠ ಹೇಳಲಿಲ್ಲ. ಕುರುಕಲು ತಿಂಡಿಯ ಕಂಪನಿಗಳು ನಿಮ್ಮನ್ನು ಹೇಗೆ ಬಲೆಗೆ ಬೀಳಿಸುತ್ತವೆ ನೋಡಿ ಎಂದು ತೋರಿಸಿದರು; ಆಮೇಲೆ ಟ್ಯಾಬ್ಲೆಟ್ ಕೊಟ್ಟು, ಜಾಹೀರಾತುಗಳ ಮೇಲೆ ಗೀಚಿ ಅವು ನಿಜ ನುಡಿಯುವಂತೆ ಮಾಡಿ ಎಂದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನ ಮಕ್ಕಳ ಬಾಯಿಮಾತನ್ನು ನೆಚ್ಚದೆ ಶಾಲೆಯ ಕ್ಯಾಂಟೀನಿನ ಖರೀದಿಯನ್ನೇ ನೋಡಿತು. ಪೌಷ್ಟಿಕತೆಯ ಮಾಮೂಲು ಪಾಠ ಕೇಳಿದವರಿಗೆ ಹೋಲಿಸಿದರೆ ಹುಡುಗರು ಕೊಳ್ಳುವ ಕುರುಕಲು 31% ಇಳಿದಿತ್ತು, ಆ ಶಾಲಾವರ್ಷ ಮುಗಿಯುವವರೆಗೂ. ಹುಡುಗಿಯರಲ್ಲಿ ಮಾಮೂಲು ಪಾಠಕ್ಕೂ ಇದಕ್ಕೂ ಅಂಥ ಅಂತರ ಕಾಣಲಿಲ್ಲ. ಆದರೂ ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ಬುದ್ಧಿವಂತ ಕೆಲಸ ಇದೇ: ಹದಿಹರೆಯದ ಹಟವನ್ನು ಅದು ಮುರಿಯದೆ ಕೆಲಸಕ್ಕೆ ಹಚ್ಚಿತು.

ಅದೇ ಗುಣ ಭಾರತದಲ್ಲಿ ಯಾವ ಪ್ರಯೋಗವೂ ಇಲ್ಲದೆ ಕಾಣಿಸಿಕೊಂಡಿತು. 2023ರಲ್ಲಿ ‘ಫುಡ್ ಫಾರ್ಮರ್’ ರೇವಂತ್ ಹಿಮತ್‌ಸಿಂಗ್ಕಾ ಬೋರ್ನ್‌ವೀಟಾದ ಸಕ್ಕರೆಯ ಬಗ್ಗೆ ಮಾಡಿದ ರೀಲ್ಸ್ ದೇಶವಿಡೀ ಹರಿದಾಡಿತು. ಕಂಪನಿಯ ನೋಟಿಸಿಗೆ ಅವರು ಅದನ್ನು ತೆಗೆದರೂ ಮಾತು ನಿಲ್ಲಲಿಲ್ಲ. ಮರುವರ್ಷ ಕೇಂದ್ರ ಸರ್ಕಾರ ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಲು ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ, ತಿನಿಸುಗಳಲ್ಲಿ ಸಕ್ಕರೆ ಎಷ್ಟೆಂದು ತೋರಿಸುವ ‘ಸಕ್ಕರೆ ಫಲಕ’ ಹಾಕಿಸಿತು, ಅದೂ ಪರದೆಯ ಮೇಲಲ್ಲ, ಗೋಡೆಯ ಮೇಲೆ.

ಪಶ್ಚಿಮದ ಆ್ಯಪುಗಳನ್ನು ಹಾಗೆಯೇ ಇಲ್ಲಿಗೆ ತರುವುದು ಸಲ್ಲದು. 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10–19 ವಯಸ್ಸಿನವರ ಪೈಕಿ ಅಧಿಕ ತೂಕದವರು 5%, ತೀರಾ ತೆಳ್ಳಗಿರುವವರು 24%. ಹುಡುಗಿಯರಲ್ಲಿ 40% ಮಂದಿಗೆ ರಕ್ತಹೀನತೆ. ಇವರ ಕೈಗೆ ಕಡಿಮೆ ತಿನ್ನು ಎನ್ನುವ ಆ್ಯಪು ಕೊಟ್ಟು ಏನು ಪ್ರಯೋಜನ? ಲೇಬಲ್ ಸ್ಕ್ಯಾನ್ ಮಾಡುವ ಆ್ಯಪುಗಳೂ ಅರ್ಧ ದಾರಿಯವು. ಪಫ್ಸಿಗೆ, ಗಾಡಿಯ ಗೋಬಿ ಮಂಚೂರಿಗೆ ಬಾರ್‌ಕೋಡ್ ಇರುವುದಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ವಿಪರೀತವಿರುವ ತಿಂಡಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 2020ರ ನಿಯಮವೇ ಹೇಳುತ್ತದೆ. ಕನ್ನಡದ ಮಕ್ಕಳಿಗಾಗಿ ಆ್ಯಪು ಕಟ್ಟ ಹೊರಟವರು ಕ್ಯಾಲೊರಿಯನ್ನು ಬದಿಗಿಟ್ಟು, ಆ 50 ಮೀಟರಿನೊಳಗೆ ಏನು ಮಾರುತ್ತಾರೆಂದು ಹುಡುಗರೇ ಫೋಟೊ ತೆಗೆದು ದಾಖಲಿಸುವಂಥದ್ದನ್ನು ಮೊದಲು ಮಾಡಲಿ.