ಜನರಲ್ ತಿಮ್ಮಯ್ಯ: ಯುದ್ಧಭೂಮಿಯಿಂದ ಶಾಂತಿಪಾಲನೆಯವರೆಗೆ

ಮಡಿಕೇರಿ: ‘ಸನ್ನಿ ಸೈಡ್’ ಅಂದ್ರೆ ನಗರದ ಹಲವರಿಗೆ ಇಂದಿಗೂ ಹಳೇ ಆರ್‌ಟಿಒ ಕಚೇರಿಯೇ ನೆನಪಾಗುತ್ತದೆ. ಆದರೆ ಅದು ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಬೆಳೆದ ಮನೆ.

1906ರ ಮಾರ್ಚ್‌ನಲ್ಲಿ ಮಡಿಕೇರಿಯಲ್ಲಿ ಜನಿಸಿದ ತಿಮ್ಮಯ್ಯ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದ ವೇಳೆ ಬರ್ಮಾದಲ್ಲಿ ಬ್ರಿಗೇಡನ್ನೇ ಮುನ್ನಡೆಸಿದರು. ಯುದ್ಧಭೂಮಿಯಲ್ಲಿ ಆ ಜವಾಬ್ದಾರಿ ಆಗ ಭಾರತೀಯರಿಗೆ ಸಿಗುತ್ತಲೇ ಇರಲಿಲ್ಲ.

ಜೋಜಿಲಾಗೆ ಟ್ಯಾಂಕ್

1948ರಲ್ಲಿ ಲೇಹ್‌ಗೆ ಹೋಗುವ ದಾರಿಯ ಜೋಜಿಲಾ ಕಣಿವೆ ಎದುರಾಳಿಗಳ ಹಿಡಿತದಲ್ಲಿತ್ತು. ಟ್ಯಾಂಕ್‌ಗಳನ್ನು ಗುಟ್ಟಾಗಿ ಅಷ್ಟೆತ್ತರಕ್ಕೆ ಏರಿಸಿ, ನವೆಂಬರ್ 1ರಂದು ದಾಳಿ ನಡೆಸಿದ್ದು ಮೇಜರ್ ಜನರಲ್ ತಿಮ್ಮಯ್ಯ ಅವರ ಡಿವಿಷನ್. 11 ಸಾವಿರ ಅಡಿಗೂ ಎತ್ತರದಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿಗಳು ಊಹಿಸಿರಲಿಲ್ಲ. ಕಣಿವೆ ಕೈವಶವಾಯಿತು, ಲಡಾಖ್ ಉಳಿಯಿತು.

ಕೊರಿಯಾದ ಹೊಣೆ

ಕೊರಿಯಾ ಯುದ್ಧ ನಿಂತಾಗ ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳ ವಿಚಾರ ಕಗ್ಗಂಟಾಗಿತ್ತು. ಅದನ್ನು ನಿಭಾಯಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ತಿಮ್ಮಯ್ಯ ಅಧ್ಯಕ್ಷರಾದರು. ಎರಡೂ ಬಣಗಳ ಒತ್ತಡದ ನಡುವೆ ಮಾಡಿದ ಆ ಕೆಲಸದ ಬಳಿಕ, 1954ರಲ್ಲಿ ಪದ್ಮಭೂಷಣ ಸಂದಿತು.

ರಾಜೀನಾಮೆ ಪ್ರಕರಣ

1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಜತೆಗಿನ ಭಿನ್ನಾಭಿಪ್ರಾಯ ವಿಕೋಪಕ್ಕೆ ಹೋಗಿ, 1959ರಲ್ಲಿ ರಾಜೀನಾಮೆ ಕೊಟ್ಟೇಬಿಟ್ಟರು. ಪ್ರಧಾನಿ ನೆಹರು ಮನವೊಲಿಸಿದ್ದರಿಂದ ವಾಪಸ್ ಪಡೆದರು. ಇದು ಸಂಸತ್ತಿನಲ್ಲೂ ಚರ್ಚೆಯಾಯಿತು. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. ಮರುವರ್ಷವೇ ಚೀನಾ ಯುದ್ಧ. ಸೇನೆಯ ಸಿದ್ಧತೆ ಸಾಲದಿದ್ದುದು ಆಗ ದೇಶಕ್ಕೇ ಗೊತ್ತಾಯಿತು.

ಸೈಪ್ರಸ್‌ನಲ್ಲಿ ಕೊನೆಯುಸಿರು

ನಿವೃತ್ತಿಯೊಂದಿಗೆ ಸೇವೆ ಮುಗಿಯಲಿಲ್ಲ. ಗ್ರೀಕರು ಮತ್ತು ತುರ್ಕರ ನಡುವೆ ಹೊತ್ತಿ ಉರಿಯುತ್ತಿದ್ದ ಸೈಪ್ರಸ್ ದ್ವೀಪಕ್ಕೆ 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಕಮಾಂಡರ್ ಆಗಿ ತೆರಳಿದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ನಿಧನರಾದರು. 1966ರಲ್ಲಿ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅಲ್ಲಿನ ಲಾರ್ನಾಕಾ ನಗರದ ರಸ್ತೆಯೊಂದಕ್ಕೂ ತಿಮ್ಮಯ್ಯ ಹೆಸರಿದೆ.

ಹುಟ್ಟೂರಿನ ಮನೆ ಸ್ಮಾರಕವಾಗಲು ಮಾತ್ರ ದಶಕಗಳೇ ಬೇಕಾದವು. 2021ರ ಫೆಬ್ರವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ‘ಸನ್ನಿ ಸೈಡ್’ ವಸ್ತುಸಂಗ್ರಹಾಲಯ ಉದ್ಘಾಟಿಸಿದರು. ಕಡತಗಳಿದ್ದ ಕೋಣೆಗಳಲ್ಲಿ ಈಗ ಜನರಲ್ ಬದುಕಿನ ಕಥೆಯಿದೆ.