ಗಂಧದ ಲೇಪ ಮತ್ತು ಬೀಟಾ ಕಿರಣ

ವಿಶಾಖಪಟ್ಟಣದಲ್ಲಿ ನೆಲೆಸಿದ ಕನ್ನಡಿಗರಿಗೆ ಸಿಂಹಾಚಲದ ವರಾಹ ನರಸಿಂಹನನ್ನು ಪರಿಚಯಿಸಬೇಕಿಲ್ಲ. ವರ್ಷವಿಡೀ ಗಂಧದ ಲೇಪದಲ್ಲಿ ಮರೆಯಾಗಿರುವ ಸ್ವಾಮಿಯ ನಿಜರೂಪ ದರ್ಶನ ಅಕ್ಷಯ ತೃತೀಯೆಯಂದು ಮಾತ್ರ. ಅದೇ ಊರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಪರಮಾಣುವಿನ ಒಳರೂಪವನ್ನು ಅರಸಿದ ಸಂನ್ಯಾಸಿಯೊಬ್ಬರಿದ್ದರು: ಸ್ವಾಮಿ ಜ್ಞಾನಾನಂದ.

1896ರಲ್ಲಿ ಭೀಮಾವರದ ಬಳಿಯ ಗೊರಗನಮೂಡಿಯಲ್ಲಿ ಜನಿಸಿದ ಅವರು ಯೋಗಸಾಧನೆಯ ತರುವಾಯ ಯುರೋಪಿಗೆ ತೆರಳಿ ಭೌತವಿಜ್ಞಾನಕ್ಕೆ ಮನಸೋತರು. ಪ್ರಾಗ್‌ನಲ್ಲಿ ಎಕ್ಸ್‌ಕಿರಣಗಳ ರೋಹಿತವನ್ನು ಅಭ್ಯಸಿಸಿ, ಲಿವರ್‌ಪೂಲ್‌ನಲ್ಲಿ ಚಾಡ್ವಿಕ್ ಅವರ ಬಳಿ ಬೀಟಾ ಕಿರಣಗಳತ್ತ ಹೊರಳಿದರು. ಇವು ಎರಡು ಬೇರೆ ವಿದ್ಯೆಗಳಂತೆ ತೋರಿದರೂ ಒಂದಕ್ಕೊಂದು ಪೂರಕ. ಬೀಟಾ ಕ್ಷಯದಲ್ಲಿ ನ್ಯೂಕ್ಲಿಯಸ್ಸಿನಿಂದ ಹೊರಬೀಳುವ ಎಲೆಕ್ಟ್ರಾನ್‌ಗಳ ಶಕ್ತಿ ಒಂದೇ ಅಲ್ಲ, ನಿರಂತರವಾಗಿ ಹರಡಿರುತ್ತದೆಂದು ಚಾಡ್ವಿಕ್ 1914ರಲ್ಲೇ ಕಂಡಿದ್ದರು. ಆ ಹರವಿನ ಮೇಲೆ ಕೆಲವು ಚೂಪಾದ ರೇಖೆಗಳೂ ಮೂಡುತ್ತವೆ. ಕ್ಷಯದ ಬಳಿಕ ನ್ಯೂಕ್ಲಿಯಸ್ಸು ತನ್ನಲ್ಲುಳಿದ ಶಕ್ತಿಯನ್ನು ಪರಮಾಣುವಿನ ಎಲೆಕ್ಟ್ರಾನೊಂದಕ್ಕೆ ಕೊಟ್ಟು ಹೊರದೂಡಿದಾಗ ಹುಟ್ಟುವ ರೇಖೆಗಳಿವು. ಅವುಗಳಿಂದ ನ್ಯೂಕ್ಲಿಯಸ್ಸಿನ ಶಕ್ತಿಯನ್ನು ತಿಳಿಯಲು ಆ ಎಲೆಕ್ಟ್ರಾನ್ ಕವಚದ ಬಂಧನಶಕ್ತಿಯನ್ನು ಕೂಡಿಸಬೇಕು. ಅದನ್ನು ತಿಳಿಸುವುದು ಎಕ್ಸ್‌ಕಿರಣ ವಿದ್ಯೆ.

ಗಾಳಿಗೆ ತಾಗಿದರೆ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಈ ಅಳತೆಗೆ ನಿರ್ವಾತ ಬೇಕು. 1947ರಲ್ಲಿ ಅವರು ಪ್ರಕಟಿಸಿದ ಗ್ರಂಥದ ವಿಷಯವೂ ಉನ್ನತ ನಿರ್ವಾತವೇ. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಆರಂಭಗೊಂಡು 1930ರಲ್ಲಿ ವಾಲ್ಟೇರಿಗೆ ಬಂದ ವಿಶ್ವವಿದ್ಯಾನಿಲಯದಲ್ಲಿ, 1950ರ ದಶಕದಲ್ಲಿ ಅವರು ಪರಮಾಣು ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ಅವರು 1969ರಲ್ಲಿ ತೀರಿಕೊಂಡರು. ಪ್ರಯೋಗಾಲಯ ಈಗ ಅವರ ಹೆಸರನ್ನು ಹೊತ್ತಿದೆ.

ಅಂದಿನ ಉಪಕರಣಗಳಿಗೆ ಬಹುಮಟ್ಟಿಗೆ ಎಟುಕದೆ ಉಳಿದದ್ದು ರೋಹಿತದ ಕಡಿಮೆ ಶಕ್ತಿಯ ತುದಿ. ಮಾದರಿಯ ದಪ್ಪವೇ ನಿಧಾನದ ಎಲೆಕ್ಟ್ರಾನ್‌ಗಳನ್ನು ನುಂಗುತ್ತಿತ್ತು. ಪರಮಾಣುವಿನ ಪ್ರಭಾವ ಹೆಚ್ಚು ಕಾಣುವುದು ಅಲ್ಲಿಯೇ. ಸುತ್ತಲಿನ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಸೆಳೆತಕ್ಕೆ ತುಸು ಮರೆಯಾಗುತ್ತವೆ. ಕೆಲವೊಮ್ಮೆ ಹೊಸ ಎಲೆಕ್ಟ್ರಾನ್ ಕವಚದಲ್ಲೇ ನೆಲೆನಿಂತು ಅಲ್ಲಿದ್ದುದು ಹೊರಬೀಳುತ್ತದೆ. 2010ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪರಮಶೂನ್ಯ ತಾಪದ ಸಮೀಪ ನಡೆಯುವ ಶಾಖಮಾಪಕಗಳಿಂದ ನಿಕ್ಕಲ್-63 ಮತ್ತು ಪ್ಲುಟೋನಿಯಂ-241ರ ರೋಹಿತಗಳನ್ನು ಅಳೆದರು. ಈ ವಿನಿಮಯವನ್ನು ಲೆಕ್ಕಕ್ಕೆ ಸೇರಿಸಿದಾಗಲೇ ಸಿದ್ಧಾಂತವು ಅಳತೆಗೆ ಹೊಂದಿತು.

ಪ್ರಯೋಗಾಲಯದಲ್ಲಿ ಅಕ್ಷಯ ತೃತೀಯೆ ಇಲ್ಲ. ನ್ಯೂಕ್ಲಿಯಸ್ಸು ತನ್ನ ಎಲೆಕ್ಟ್ರಾನ್ ಲೇಪದೊಡನೆಯೇ ಕಾಣಿಸುತ್ತದೆ. ಒಳಗಿರುವುದನ್ನು ಅರಿಯಬೇಕಾದರೆ ಲೇಪವನ್ನೂ ಅಷ್ಟೇ ನಿಷ್ಠೆಯಿಂದ ಅಳೆಯಬೇಕು.