ಶಾಸನದ ಮುಂದೆ ಡಾರ್ಕ್‌ರೂಮಿನ ಲೆನ್ಸು: ಅಣ್ಣಿಗೇರಿ, ನವಲಗುಂದ, ಕಲಘಟಗಿಗಳ ದಾಖಲೀಕರಣ ಕುರಿತು ಒಂದು ಟಿಪ್ಪಣಿ

ಧಾರವಾಡ ಜಿಲ್ಲೆಯ ತಾಲೂಕು ಊರುಗಳ ಹಳೆಯ ಫೋಟೊ ಸ್ಟುಡಿಯೊಗಳ ಅಟ್ಟದಲ್ಲಿ ಸಿಗಬಹುದಾದ ಲೆನ್ಸುಗಳಲ್ಲಿ ಅಣ್ಣಿಗೇರಿಯ ಶಾಸನ, ನವಲಗುಂದದ ಜಮಖಾನ, ಕಲಘಟಗಿಯ ತೊಟ್ಟಿಲುಗಳ ದಾಖಲೀಕರಣಕ್ಕೆ ಯಾವುದು ಒದಗೀತು ಎಂಬುದು ಇಲ್ಲಿನ ಪ್ರಶ್ನೆ. ಹಳೆ ಲೆನ್ಸಿನ ಮಾತು ಬಂದರೆ ಹವ್ಯಾಸಿಗಳ ಬಾಯಲ್ಲಿ ಮೊದಲು ಬರುವುದು ರಷ್ಯದ ಹೀಲಿಯೋಸ್ 44. ಹಿನ್ನೆಲೆಯನ್ನು ಸುಳಿಯಂತೆ ತಿರುಗಿಸುವ 58 ಮಿಮೀ ಲೆನ್ಸು ಅದು. ಮದುವೆ ಚಿತ್ರಕ್ಕೆ ಅದರ ಚೆಲುವು ಚೆಲುವೇ. ಕಲ್ಲಿನ ಅಕ್ಷರ ಓದುವವನಿಗೆ ಮಾತ್ರ ಅಂಚಿನಲ್ಲಿ ಕರಗಿಹೋಗುವ ಸಾಲು ಕಳೆದುಹೋದ ಸಾಲೇ. ನನ್ನ ವಾದ ಬೇರೆ: ಯಾರೂ ಕೊಳ್ಳದ, ಡಾರ್ಕ್‌ರೂಮಿನಲ್ಲಿ ನೆಗೆಟಿವ್ ಹಿಗ್ಗಿಸುವ ಎನ್‌ಲಾರ್ಜರ್ ಲೆನ್ಸೇ ಈ ಕೆಲಸಕ್ಕೆ ಹೆಚ್ಚು ತಕ್ಕುದು.

ಮೊದಲು ಯಂತ್ರದ ವಿಷಯ. ಲೆನ್ಸು ಕೂರುವ ಬಳೆಯಿಂದ ಫಿಲ್ಮಿನವರೆಗಿನ ಅಂತರ ಒಂದೊಂದು ಕಂಪನಿಗೆ ಒಂದೊಂದು. ನಿಕಾನ್ ಎಫ್ ಕ್ಯಾಮೆರಾಗಳಲ್ಲಿ ಅದು 46.5 ಮಿಮೀ, ಪೆಂಟಾಕ್ಸ್ ಮತ್ತು ಜೆನಿಟ್‌ಗಳ ಎಂ42 ತಿರುಪಿನಲ್ಲಿ 45.46, ಕ್ಯಾನನ್ ಎಫ್‌ಡಿಯಲ್ಲಿ 42. ನಡುವೆ ಕನ್ನಡಿ ಏಳಬೇಕಾದ್ದರಿಂದ ಇಷ್ಟು ಜಾಗ ಬೇಕೇಬೇಕಿತ್ತು. ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಸೋನಿ ಇ-ಮೌಂಟಿನಲ್ಲಿ ಅಂತರ 18 ಮಿಮೀಗೆ ಇಳಿಯಿತು, ನಿಕಾನ್ ಜೆಡ್‌ನಲ್ಲಿ 16ಕ್ಕೆ. ಉಳಿದ ಜಾಗವನ್ನು ತುಂಬುವ ಟೊಳ್ಳು ಕೊಳವೆಯೇ ಅಡಾಪ್ಟರ್. ನಿಕಾನ್ ಎಫ್ ಲೆನ್ಸನ್ನು ಸೋನಿಗೆ ಕೂರಿಸಲು 28.5 ಮಿಮೀ ಉದ್ದದ ಕೊಳವೆ ಸಾಕು, ಒಳಗೆ ಗಾಜಿರಬೇಕಿಲ್ಲ.

ಎನ್‌ಲಾರ್ಜರ್ ಲೆನ್ಸಿಗಾದರೋ ಸ್ವಂತ ಫೋಕಸ್ ಬಳೆ ಇರುವುದಿಲ್ಲ. ಡಾರ್ಕ್‌ರೂಮಿನಲ್ಲಿ ಆ ಕೆಲಸ ಎನ್‌ಲಾರ್ಜರಿನದು. ಕನ್ನಡಿಯ ಕ್ಯಾಮೆರಾಗಳಲ್ಲಿ 50 ಮಿಮೀ ಲೆನ್ಸಿನ ಹಿಂದೆ ಫೋಕಸ್ ತಿರುಪಿಗೆ ಜಾಗವೇ ಇರಲಿಲ್ಲ. ಮಿರರ್‌ಲೆಸ್‌ನಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉಳಿಯುವುದರಿಂದ, ಹಿಗ್ಗಿ ಕುಗ್ಗುವ ಹೆಲಿಕಾಯ್ಡ್ ಎಂಬ ತಿರುಪುಕೊಳವೆ ಅಲ್ಲಿ ಕೂರುತ್ತದೆ. ಹೆಚ್ಚಿನ ಎನ್‌ಲಾರ್ಜರ್ ಲೆನ್ಸುಗಳ ತಿರುಪು 39 ಮಿಮೀ ಆದ್ದರಿಂದ ಒಂದೇ ಜೋಡಣೆ ಹಲವು ಲೆನ್ಸುಗಳಿಗೆ ಆಗುತ್ತದೆ.

ಆ ಲೆನ್ಸು ಶಾಸನಕ್ಕೆ ಏಕೆ ಹೊಂದುತ್ತದೆ? ಎನ್‌ಲಾರ್ಜರ್ ಒಂದು ಚಪ್ಪಟೆ ನೆಗೆಟಿವ್ ಅನ್ನು ಚಪ್ಪಟೆ ಕಾಗದದ ಮೇಲೆ ಹಿಗ್ಗಿಸಿ ಮೂಡಿಸುತ್ತದೆ. ಬೆಳಕಿನ ಹಾದಿಯನ್ನು ಹಿಮ್ಮುಖವಾಗಿಸಿ: ಕಾಗದದ ಜಾಗದಲ್ಲಿ ಕಲ್ಲು, ನೆಗೆಟಿವ್ ಜಾಗದಲ್ಲಿ ಸೆನ್ಸರ್. ನಿಕಾನ್‌ನ ಇಎಲ್-ನಿಕ್ಕೋರ್ 50 ಮಿಮೀ ಎಫ್/2.8 ಅನ್ನು 2ರಿಂದ 20 ಪಟ್ಟಿನ ಹಿಗ್ಗುವಿಕೆಗೆಂದು ರೂಪಿಸಿದ್ದರು. 60 ಸೆಂಮೀ ಅಗಲದ ಕಲ್ಲು 36 ಮಿಮೀ ಅಗಲದ ಸೆನ್ಸರ್ ತುಂಬಿದರೆ ಅನುಪಾತ ಸುಮಾರು 17. ಲೆನ್ಸಿಗೆ ಇದು ಹೊಸ ಕೆಲಸವೇನಲ್ಲ. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್ ಕಲ್ಲಿನ ಮೇಲೆ 0.1 ಮಿಮೀ ಆಗುತ್ತದೆ, ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ 250 ಪಿಕ್ಸೆಲ್ ಸಿಗುತ್ತವೆ. ಒತ್ತಕ್ಷರದ ಬಾಲ ಸವೆದಿದೆಯೋ ಒಡೆದಿದೆಯೋ ತಿಳಿಯಲು ಅಷ್ಟು ಸಾಕು. ಹಲವು ಸ್ಟುಡಿಯೊಗಳು 120 ಫಿಲ್ಮಿನ ಯಾಷಿಕಾ ಕ್ಯಾಮೆರಾಗಳಲ್ಲಿ ದುಡಿದವು. ಹಾಗಾಗಿ 75 ಅಥವಾ 80 ಮಿಮೀ ಎನ್‌ಲಾರ್ಜರ್ ಲೆನ್ಸು ಸಿಕ್ಕರೆ ಇನ್ನೂ ಒಳ್ಳೆಯದು. 6×6 ಸೆಂಮೀ ನೆಗೆಟಿವ್‌ಗೆ ಸಾಲುವ ಚಿತ್ರದ ನಡುಭಾಗವನ್ನಷ್ಟೇ ನಾವು ಬಳಸುತ್ತೇವೆ, ಅಂಚಿನ ದೋಷ ಹೊರಗೇ ಉಳಿಯುತ್ತದೆ. ಯಾಷಿಕಾದ ಲೆನ್ಸನ್ನೇ ಕಳಚಿ ಹಾಕುವ ಆಸೆ ಬೇಡ. ಅದರ ಷಟರ್ ಲೆನ್ಸಿನೊಳಗೇ ಇದೆ, ಕಳಚಿದರೆ ಕ್ಯಾಮೆರಾ ಹಾಳು.

ಲಿಪಿಗಾಗಿಯೇ ಹುಟ್ಟಿದ ಲೆನ್ಸೂ ಒಂದುಂಟು. ಜಪಾನಿನ ಗ್ರಂಥಗಳನ್ನು ಮೈಕ್ರೊಫಿಲ್ಮ್ ಮಾಡುವಾಗ ರೋಮನ್ ಅಕ್ಷರಕ್ಕೆ ಸಾಕಾಗುತ್ತಿದ್ದ ಸ್ಪಷ್ಟತೆ ಕಾಂಜಿಯ ದಟ್ಟ ಗೆರೆಗಳಿಗೆ ಸಾಲದೆ ಬಂತು. ಟೋಕಿಯೊ ವಿಶ್ವವಿದ್ಯಾಲಯದ ಪ್ರೊ. ಕೊಆನಾ ಮಸಾವೊ ಅವರ ಒತ್ತಾಸೆಯಿಂದ ನಿಕಾನ್ 1956ರಲ್ಲಿ ಮೈಕ್ರೊ-ನಿಕ್ಕೋರ್ 5 ಸೆಂಮೀ ಎಫ್/3.5 ತಂದಿತು. ಅದರ ವಂಶದ 55 ಮಿಮೀ ಲೆನ್ಸುಗಳು ಇಂದಿಗೂ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿವೆ. ಒತ್ತಿನ ಮೇಲೆ ಒತ್ತು ಬರುವ ಕನ್ನಡದ ಶಾಸನಕ್ಕೆ ಈ ಲೆನ್ಸು ಪರಕೀಯ ಎನಿಸದು.

ಇನ್ನು ಅಣ್ಣಿಗೇರಿ. ಬೆಳ್ವೊಲ ಮುನ್ನೂರು ಎಂಬ ನಾಡಿನ ರಾಜಧಾನಿಯಾಗಿದ್ದ ಊರು. ಚಾಲುಕ್ಯ ದೊರೆ ನಾಲ್ಕನೆಯ ಸೋಮೇಶ್ವರ 12ನೆಯ ಶತಮಾನದ ಕೊನೆಗೆ ಇಲ್ಲಿಂದ ಆಳಿದ. ಸುಮಾರು 1050ರ ಅಮೃತೇಶ್ವರ ಗುಡಿಯನ್ನು, ಮರಳುಗಲ್ಲು ಬಿಟ್ಟು ಬಳಪದ ಕಲ್ಲಿಗೆ ಹೊರಳಿದ ಚಾಲುಕ್ಯ ಗುಡಿಗಳಲ್ಲಿ ಮೊದಲನೆಯದೆಂದು ಎಣಿಸುವುದುಂಟು. ಪುರಾತತ್ವಜ್ಞ ಹೆನ್ರಿ ಕಸೆನ್ಸ್ 1926ರ ತನ್ನ ಚಾಲುಕ್ಯ ವಾಸ್ತು ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾನೆ. ಅದಕ್ಕೂ ಮೊದಲು, 1855ರಿಂದ, ಥಾಮಸ್ ಬಿಗ್ಸ್ ಮತ್ತು ವೈದ್ಯ ಪಿಗೌ ಧಾರವಾಡ ಸೀಮೆಯ ಗುಡಿಗಳ ಚಿತ್ರ ತೆಗೆದಿದ್ದರು. ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. ಆ ಕಾಲಕ್ಕೆ ಫೋಕಸ್ಸೆಲ್ಲ ಕೈಯಿಂದಲೇ ಎಂಬುದನ್ನು, ಕೈ ಫೋಕಸ್ಸಿಗೆ ಮೂಗು ಮುರಿಯುವವರು ನೆನೆಯಬಹುದು.

ಬಳಪದ ಕಲ್ಲಿನಲ್ಲಿ ಕೆತ್ತಿದ ಶಾಸನದ ಚಿತ್ರ ತೆಗೆಯಲು ತೊಂದರೆ ಎರಡು: ಕಲ್ಲು ಕಪ್ಪು, ಜತೆಗೆ ನುಣುಪು. ಎದುರು ಬೆಳಕಿನಲ್ಲಿ ಅಕ್ಷರ ಮಾಯವಾಗಿ ಹೊಳಪಷ್ಟೇ ಉಳಿಯುತ್ತದೆ. ಕಂಬಳಿಯನ್ನೋ ಕೊಡೆಯನ್ನೋ ಹಿಡಿದು ಬಿಸಿಲು ತಡೆದು, ಟಾರ್ಚನ್ನು ಕಲ್ಲಿನ ಮೈಗೆ ಸವರುವಷ್ಟು ತಗ್ಗಿನಿಂದ ಎಡ, ಬಲ, ಮೇಲೆ, ಕೆಳಗೆ ಹಿಡಿದು ಬೇರೆ ಬೇರೆ ಚಿತ್ರ ತೆಗೆಯಬೇಕು. ಕೆತ್ತಿದ ಗುಣಿತದ ಗೆರೆ ಒಂದು ದಿಕ್ಕಿನ ಬೆಳಕಿನಲ್ಲಿ ಅಡಗಿದ್ದು ಇನ್ನೊಂದರಲ್ಲಿ ಎದ್ದು ಕಾಣುತ್ತದೆ. ಯಾಂತ್ರಿಕ ಲೆನ್ಸಿನ ನಿಜವಾದ ಲಾಭ ಇಲ್ಲಿದೆ. ಬಳೆ ತಿರುಗಿಸಿ ಬಿಟ್ಟರೆ ಫೋಕಸ್ಸೂ ಅಪರ್ಚರೂ ಬಿಟ್ಟಲ್ಲೇ ನಿಲ್ಲುತ್ತವೆ. ಹೊಸ ಲೆನ್ಸುಗಳಲ್ಲಿ ಹಲವು, ಕ್ಯಾಮೆರಾ ನಿದ್ದೆಗೆ ಜಾರಿ ಎದ್ದ ಮೇಲೆ ಫೋಕಸ್ಸನ್ನು ಬೇರೆಡೆ ಕೊಂಡೊಯ್ಯುತ್ತವೆ. ಆಗ ಹಲವು ದಿಕ್ಕಿನ ಬೆಳಕಿನ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಅಕ್ಷರಕ್ಕೆ ಸುಣ್ಣ, ಹಿಟ್ಟು, ಬೂದಿ ತಿಕ್ಕಿ ಓದುವ ರೂಢಿಯನ್ನು ಈ ಕ್ರಮ ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ. ಸಂರಕ್ಷಿತ ಗುಡಿಯಲ್ಲಿ ಟ್ರೈಪಾಡ್ ನಿಲ್ಲಿಸಲು ಪುರಾತತ್ವ ಸರ್ವೇಕ್ಷಣೆಯ ಅನುಮತಿ ಬೇಕು. ಕಾವಲುಗಾರನ ಮನವೊಲಿಸಿದರೆ ಸಾಲದು.

ಅಗ್ಗದ ಅಡಾಪ್ಟರಿನ ದೋಷ ಸಾಮಾನ್ಯವಾಗಿ ಉದ್ದದಲ್ಲಿ ಎಂದುಕೊಳ್ಳುತ್ತಾರೆ. ಉದ್ದ ಕೊಂಚ ಕಡಿಮೆಯಾದರೆ ಲೆನ್ಸಿನ ಮೇಲಿನ ದೂರದ ಅಂಕೆ ತಪ್ಪುತ್ತದೆ, ಅಷ್ಟೇ. ಎರಡು ಮುಖಗಳು ಸಮಾನಾಂತರವಾಗಿರದೆ ವಾಲಿದ್ದರೆ ಮಾತ್ರ ಕಲ್ಲಿನ ಒಂದು ಅಂಚು ಮಂಜಾಗಿ, ಕಲ್ಲೇ ಸವೆದಿದೆ ಎಂಬ ಸುಳ್ಳು ಓದಿಗೆ ದಾರಿಯಾಗುತ್ತದೆ. ಹೊರಡುವ ಮುನ್ನ ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಚಿತ್ರ ತೆಗೆದು ನಾಲ್ಕು ಮೂಲೆ ಹೋಲಿಸಿ. ಕ್ಯಾಮೆರಾ ಕಲ್ಲಿಗೆ ನೇರವಾಗಿದೆಯೇ ಎಂದರಿಯಲು ಕಲ್ಲಿಗೆ ಸಣ್ಣ ಕನ್ನಡಿ ಒತ್ತಿ ಹಿಡಿದು, ಅದರಲ್ಲಿ ಲೆನ್ಸಿನ ಬಿಂಬ ಚೌಕಟ್ಟಿನ ನಟ್ಟನಡುವೆ ಬರುವಂತೆ ಟ್ರೈಪಾಡ್ ಸರಿಪಡಿಸಬೇಕು. ಇಎಲ್-ನಿಕ್ಕೋರಿನ ಈಚಿನ ಮಾದರಿಯಲ್ಲಿ ಅಪರ್ಚರ್ ಅಂಕೆ ಬೆಳಗಲೆಂದು ಇಟ್ಟ ಕಿಂಡಿಯಿಂದ ಬೆಳಕು ಒಳನುಗ್ಗುತ್ತದೆ. ಕಪ್ಪು ಟೇಪ್ ಸುತ್ತಬೇಕು.

ನವಲಗುಂದದ ಹೆಂಗಸರು ಮನೆಯ ನಿಲುಮಗ್ಗದಲ್ಲಿ ನೇಯುವ ಜಮಖಾನಕ್ಕೂ ಇದೇ ಎನ್‌ಲಾರ್ಜರ್ ಲೆನ್ಸು ಸಲ್ಲುತ್ತದೆ. ನವಿಲು, ಪಗಡೆಗಳ ಸುತ್ತ ಓಡುವ ನೇರ ಅಂಚನ್ನು ಅದು ಬಿಲ್ಲಿನಂತೆ ಬಾಗಿಸುವುದಿಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಎಚ್ಚರ. ಪೆಂಟಾಕ್ಸಿನ ಸೂಪರ್ ಟಕುಮಾರ್ 50 ಮಿಮೀ ಎಫ್/1.4ರ ಒಂದು ಮಾದರಿಯಂಥ ಥೋರಿಯಂ ಗಾಜಿನ ಲೆನ್ಸುಗಳು ವಯಸ್ಸಾದಂತೆ ಹಳದಿಗಟ್ಟುತ್ತವೆ. ಅತಿನೇರಳೆ ಬೆಳಕಿಗೆ ಹಿಡಿದರೆ ತಿಳಿಯಾಗುವುದಾದರೂ, ಜಮಖಾನದ ಕೆಂಪನ್ನು ದಾಖಲಿಸುವವರು ಮೊದಲ ಚಿತ್ರದಲ್ಲಿ ಬೂದುಬಣ್ಣದ ಕಾರ್ಡ್ ಇಡುವುದೇ ಲೇಸು.

ಕಲಘಟಗಿಯ ತೊಟ್ಟಿಲಲ್ಲಿ ನನ್ನ ವಾದ ಸೋಲುತ್ತದೆ. ಚಿತ್ರಗಾರರು ಅರಗಿನ ಬಣ್ಣದಲ್ಲಿ ರಾಮಾಯಣ, ಕೃಷ್ಣಲೀಲೆ ಬರೆದ ಆ ಮರ ಹೊಳೆಯುತ್ತದೆ, ಎಲ್ಲ ಬದಿಗೂ ತಿರುಗಿದೆ. ಹಳೆ ಗಾಜಿನ ತೆಳು ಲೇಪನದ ಮೇಲೆ ಹೊಳಪು ಬಿದ್ದು ಚಿತ್ರವೆಲ್ಲ ಬಿಳಿಚುತ್ತದೆ. ಅಲ್ಲಿ ಹೊಸ ಲೇಪನದ ಮ್ಯಾಕ್ರೊ ಲೆನ್ಸು, ಕ್ಯಾಮೆರಾದ ಕಂಪನಿಯದಲ್ಲದಿದ್ದರೂ ಸರಿ, ಮೇಲು. ಮಲೆನಾಡಿನ ಸೆರಗಿನ ಆ ತಾಲೂಕಿನಲ್ಲಿ ಮಳೆಗಾಲದ ತೇವಕ್ಕೆ ಲೆನ್ಸುಗಳು ಬೇಗ ಫಂಗಸ್ ಹಿಡಿಯುತ್ತವೆ. ನವಲಗುಂದದ ಎರೆಸೀಮೆಯಲ್ಲಿ ಬೇಸಿಗೆಯ ಧೂಳು ತಿರುಪುಗಳಿಗೆ ಸೇರುತ್ತದೆ, ಸೆಕೆಗೆ ಗ್ರೀಸ್ ಕರಗಿ ಅಪರ್ಚರ್ ಎಲೆಗಳಿಗೆ ಇಳಿಯುತ್ತದೆ. ಕೊಳ್ಳುವಾಗ ಟಾರ್ಚನ್ನು ಹಿಂಬದಿಯಿಂದ ಹಾಯಿಸಿ ನೋಡಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಬೆಲೆ ಎಷ್ಟೇ ಇರಲಿ, ಬಿಡಬೇಕು.

ಕೊನೆಯದಾಗಿ ಕಡತ. ಇಂಥ ಹಳೆ ಲೆನ್ಸು ಕ್ಯಾಮೆರಾಕ್ಕೆ ತನ್ನ ಹೆಸರನ್ನೂ ನಾಭಿದೂರವನ್ನೂ ಹೇಳುವುದಿಲ್ಲ. ಹಲವು ಚಿತ್ರಗಳಿಂದ ಕಲ್ಲಿನ ಮೂರು ಆಯಾಮದ ಮಾದರಿ ಕಟ್ಟುವ ಮೆಟಾಶೇಪ್ ತಂತ್ರಾಂಶ, ನಾಭಿದೂರ ಕಾಣದಿದ್ದರೆ 35 ಮಿಮೀ ಫಿಲ್ಮಿನ ಲೆಕ್ಕದಲ್ಲಿ 50 ಮಿಮೀ ಎಂದು ಊಹಿಸಿಕೊಂಡು ಶುರುಮಾಡುತ್ತದೆ. 75 ಮಿಮೀ ಲೆನ್ಸಿಗೆ ಅದು ತಪ್ಪು ಆರಂಭ. ಆದ್ದರಿಂದ ಲೆನ್ಸು, ಅಪರ್ಚರ್, ದೂರ, ಬೆಳಕಿನ ದಿಕ್ಕು ಇವನ್ನು ಒಂದು ಚೀಟಿಯಲ್ಲಿ ಬರೆದು, ಅಳತೆಪಟ್ಟಿಯ ಜತೆ ಪ್ರತಿ ಸರಣಿಯ ಮೊದಲ ಚಿತ್ರದಲ್ಲೇ ಸೇರಿಸಿ, ಆಮೇಲೆ ಕಡತದೊಳಗೂ ನಮೂದಿಸಬೇಕು.